ಮೋಜಿನ ಮೇಲೆ ಸುಂಕ, ಆಕಾಶಕ್ಕೆ ಏಣಿ

ಪತ್ತೇದಾರಿ, ದೆವ್ವ, ಪ್ರೇಮದ ಕಾದಂಬರಿಗಳ ಮೇಲೆ ಒಂದಿಷ್ಟು ಸೆಸ್ ಹಾಕಿ ಆ ದುಡ್ಡನ್ನು ಬಾಹ್ಯಾಕಾಶ ಸಂಶೋಧನೆಗೆ ಕೊಟ್ಟರೆ ತಪ್ಪೇನು ಎಂದು ಗೆಳೆಯನೊಬ್ಬ ಕೇಳಿದ. ಹೇಗೂ ಹೊತ್ತು ಕಳೆಯುವ ಓದು, ಅದರಿಂದ ದೇಶಕ್ಕೆ ರಾಕೆಟ್ಟಾದರೂ ಸಿಗಲಿ ಎಂಬುದು ಅವನ ವಾದ. ಹೊಸ ಮಾತಿನಂತೆ ಕೇಳಿಸುತ್ತದೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಇದು ಹಳೆಯ ರಾಗ.

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ನಗರ ಕಾಯುವ 12,000 ಕಾವಲುಗಾರರ ಸಂಬಳ ಹೊರಡುತ್ತಿದ್ದುದು ವೇಶ್ಯಾಗೃಹಗಳ ವರಮಾನದಿಂದ. ಊರಿಗೆಲ್ಲ ನೆಮ್ಮದಿಯ ನಿದ್ದೆ, ಅದರ ಖರ್ಚು ಮಾತ್ರ ಊರು ಮರ್ಯಾದೆ ಕೊಡದ ಹೆಂಗಸರ ದುಡಿಮೆಯದು. ಪ್ರವಾಸಿಯ ಲೆಕ್ಕವನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಇಂಥ ಸುಂಕದ ಹಿಂದಿನ ತರ್ಕ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಯಾರ ಪರವಾಗಿ ಯಾರೂ ಬಾಯಿ ಬಿಡುವುದಿಲ್ಲವೋ ಅವರ ಮೇಲೆ ಹೇರು.

ಅದಕ್ಕೂ ಹಿಂದೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಇನ್ನೊಂದು ಬಗೆಯೂ ಇತ್ತು. ಬಾಗಳಿ, ಕುರುವತ್ತಿ, ಕೋಗಳಿಗಳಿರುವ ಈ ನಾಡಿನಲ್ಲಿ ಶಾಸನ ಓದಿ ಅಭ್ಯಾಸವಿದ್ದವರಿಗೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಹೊಸವಲ್ಲ. ಅಂದಿನ ಶಾಸನಗಳಲ್ಲಿ ಗಾಣದವರು ದೇವರ ನಂದಾದೀವಿಗೆಗೆ ಗಾಣಕ್ಕಿಷ್ಟು ಎಣ್ಣೆ ಬಿಡುತ್ತಾರೆ, ವರ್ತಕರ ಸಂಘ ಹೇರಿಗಿಷ್ಟು ಎಂದು ತಾನೇ ಗೊತ್ತು ಮಾಡುತ್ತದೆ. ಕೊಡುವವರು ಸಭೆ ಸೇರಿ ಒಪ್ಪಿದ್ದಾರೆ, ಹೆಸರು ಕಲ್ಲಿನ ಮೇಲೆ ಉಳಿದಿದೆ, ದೀಪ ಕಣ್ಣೆದುರಿಗೇ ಉರಿಯುತ್ತದೆ. ಎಲ್ಲರೂ ಖುಷಿಯಿಂದ ಕೊಟ್ಟರೆಂದು ನಾನು ಹೇಳುತ್ತಿಲ್ಲ. ಶಾಸನ ಬರೆಸಿದವರು ಬಡ ಗಾಣಿಗರಂತೂ ಅಲ್ಲ. ಆದರೂ ಎಣ್ಣೆಗೂ ದೀಪಕ್ಕೂ ಒಂದು ಸಂಬಂಧವಿತ್ತು.

ನಮ್ಮ ಪ್ರಶ್ನೆಗೆ ತೀರ ಹತ್ತಿರದ ಪ್ರಕರಣ 1939ರದು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸಿ. ರಾಜಗೋಪಾಲಾಚಾರಿ ಅವರ ಸರ್ಕಾರ 1937ರಲ್ಲಿ ಸೇಲಂನಿಂದ ಪಾನನಿಷೇಧ ಆರಂಭಿಸಿತು. ಹೆಂಡದ ವರಮಾನ ಹೋದಂತೆ ಖಜಾನೆಯಲ್ಲಿ ಬಿದ್ದ ತೂತು ಮುಚ್ಚಲು 1939ರಲ್ಲಿ ಮಾರಾಟ ತೆರಿಗೆ ಬಂತು, ಜೊತೆಗೆ ಮನರಂಜನಾ ತೆರಿಗೆಯ ಕಾಯಿದೆಯೂ ಬಂತು. ದುಡ್ಡು ಕೊಟ್ಟು ಒಳಗೆ ಹೋಗುವ ಸಿನಿಮಾ, ನಾಟಕ, ಆಟ ಎಲ್ಲವೂ ಅದರ ಕೈಗೆ ಸಿಕ್ಕವು. ಕುಡಿತ ಬಿಡಿಸುವುದು ಘನವಾದ ಕೆಲಸ, ಅನುಮಾನವಿಲ್ಲ. ಆದರೆ ಅದರ ಬೆಲೆಯಲ್ಲಿ ಒಂದು ಪಾಲು ಬಂದದ್ದು ಡೇರೆಯ ಮುಂದೆ ಚಾಪೆಯ ಮೇಲೆ ಕೂರುವವನ ಟಿಕೆಟ್ಟಿನಿಂದ. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರಿಗೆ ಸೇರಿದವು. ರಾಜ್ಯ ಬದಲಾದರೂ ತೆರಿಗೆ ತಪ್ಪಲಿಲ್ಲ: 1958ರಲ್ಲಿ ಮೈಸೂರಿನದೇ ಮನರಂಜನಾ ತೆರಿಗೆ ಕಾಯಿದೆ ಬಂತು. ಅದು ಜಿಎಸ್‌ಟಿಯಲ್ಲಿ ಕರಗಿದ್ದು 2017ರಲ್ಲಿ.

ಇಂಥ ತೆರಿಗೆಯ ದೊಡ್ಡ ತಾಪತ್ರಯ ವಿಂಗಡಣೆಯದು. ಯಾವುದು ಶಿಕ್ಷಣ, ಯಾವುದು ಬರೀ ಮೋಜು ಎಂದು ಒಬ್ಬ ಅಧಿಕಾರಿ ಮೇಜಿನ ಹಿಂದೆ ಕೂತು ಹೇಳಬೇಕು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರನ್ನು ಅವನು ಯಾವ ಕಪಾಟಿನಲ್ಲಿಡುತ್ತಾನೆ? ನಗೆಬರಹ ಎಂದು ಸೆಸ್ ಹಾಕುತ್ತಾನೋ, ಸಮಾಜ ವಿಮರ್ಶೆ ಎಂದು ಬಿಡುತ್ತಾನೋ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದಲು ಕಲಿತವರ ಒಂದು ತಲೆಮಾರೇ ಇದೆ. ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕತೆಗಳಿಗೆ ಸೆಸ್ ಹಾಕಿ ಇಸ್ರೋಗೆ ಕೊಡುವುದಂತೂ ಬೀಜದ ಜೋಳ ಮಾರಿ ಗೊಬ್ಬರ ತಂದಂತೆ. ರಾಕೆಟ್ ವಿಜ್ಞಾನದ ಆದ್ಯರಲ್ಲೊಬ್ಬರಾದ ರಷ್ಯಾದ ತ್ಸಿಯೋಲ್ಕೊವ್‌ಸ್ಕಿ ತಮ್ಮ ತಲೆಗೆ ಆಕಾಶಯಾನದ ಹುಚ್ಚು ಹಿಡಿಸಿದ್ದು ಜೂಲ್ಸ್ ವೆರ್ನ್‌ನ ಕತೆ ಎಂದು ಹೇಳಿಕೊಂಡಿದ್ದರು.

ಲೆಕ್ಕಕ್ಕೂ ಬರೋಣ. ಬಾಹ್ಯಾಕಾಶ ಇಲಾಖೆಗೆ 2024-25ರ ಬಜೆಟ್ಟಿನಲ್ಲಿ ಇಟ್ಟದ್ದು ಸುಮಾರು 13,000 ಕೋಟಿ ರೂಪಾಯಿ. ಗಂಟೆಗೆ ಒಂದೂವರೆ ಕೋಟಿಯ ಹತ್ತಿರ. 200 ರೂಪಾಯಿಯ ಒಂದು ಲಕ್ಷ ಕಾದಂಬರಿ ಮಾರಾಟವಾಗಿ, ಶೇ. 5 ಸೆಸ್ ಬಿತ್ತು ಎನ್ನಿ. ಬರುವುದು 10 ಲಕ್ಷ. ನಾಲ್ಕು ನಿಮಿಷದ ಖರ್ಚು. ಒಂದು ಲಕ್ಷ ಪ್ರತಿ ಮಾರುವುದೆಂದರೇನು ಎಂದು ಕನ್ನಡದ ಪ್ರಕಾಶಕರನ್ನು ಕೇಳಿ ನೋಡಿ, ನಕ್ಕುಬಿಡುತ್ತಾರೆ. ಆರ್ಯಭಟ ಉಪಗ್ರಹ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ 1975ರಲ್ಲಿ ಮೇಲೇರಿದ್ದು ಎಲ್ಲರ ತೆರಿಗೆಯಿಂದ. ಹವಾಮಾನದ ಮುನ್ಸೂಚನೆ ಎಲ್ಲರಿಗೂ ಬೇಕೆಂದ ಮೇಲೆ ಅದರ ಖರ್ಚು ಕಾದಂಬರಿ ಓದುವವಳ ಪರ್ಸಿಗೆ ಮಾತ್ರ ಏಕೆ? ನನಗೆ ಇದು ನ್ಯಾಯವೆನಿಸುವುದಿಲ್ಲ.

ಸೆಸ್ಸೇ ಕೆಟ್ಟದ್ದೆಂದಲ್ಲ. ಎಸ್.ಆರ್. ರಂಗನಾಥನ್ ಅವರ ಚಿಂತನೆಯಿಂದ ಮೂಡಿದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಇದೇ ದಾರಿಯಲ್ಲಿ ತಿರುವುಮುರುವಾಗಿ ನಡೆಯಿತು. ಅಲ್ಲಿ ಕೊಡುವುದು ಕಟ್ಟಡದ ಒಡೆಯ, ಪಡೆಯುವುದು ಪುಸ್ತಕ ಕೊಳ್ಳಲಾಗದ ಓದುಗ. ಮನೆ ಕಂದಾಯದ ಜೊತೆ ಈಗ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಕೊಟ್ಟೂರಿನ ಕಂದಾಯದ ರಸೀದಿಯಲ್ಲೂ ಹಡಗಲಿಯ ರಸೀದಿಯಲ್ಲೂ ಅದು ಸೇರಿದೆ. ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಇಟ್ಟುಕೊಳ್ಳುವುದು ರಾಜ್ಯದ ಹಳೆಯ ರೋಗ. ಅಷ್ಟು ದುಡ್ಡು ಬಂದರೆ ಕೂಡ್ಲಿಗಿಯ ಹುಡುಗಿಯೊಬ್ಬಳ ಕೈಗೆ ಪುರುಷೋತ್ತಮನೂ ಸಿಗುತ್ತಾನೆ, ಖಗೋಳದ ಪುಸ್ತಕವೂ ಸಿಗುತ್ತದೆ.