ಊಟದ ತಟ್ಟೆಗಾಗಿ ಹುಟ್ಟಿದ ತಂಡ

ಸ್ಕಾಟ್ಲೆಂಡಿನ ಸೆಲ್ಟಿಕ್ ಫುಟ್‌ಬಾಲ್ ತಂಡ ಹುಟ್ಟಿದ್ದು 1887ರ ನವೆಂಬರ್ 6ರಂದು, ಗ್ಲಾಸ್ಗೋ ನಗರದ ಸಂತ ಮರಿಯಮ್ಮನವರ ಚರ್ಚ್ ಸಭಾಂಗಣದಲ್ಲಿ. ಐರ್ಲೆಂಡಿನಿಂದ ವಲಸೆ ಬಂದವರ ಮಕ್ಕಳು ಅಲ್ಲಿ ಹಸಿದ ಹೊಟ್ಟೆಯಲ್ಲೇ ಶಾಲೆಗೆ ಬರುತ್ತಿದ್ದರು. ಅವರ ಊಟಕ್ಕೆ ಹಣ ಕೂಡಿಸಲು ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್ ಈ ತಂಡ ಕಟ್ಟಿದರು. 1888ರ ಮೇ 28ರಂದು ನಡೆದ ಮೊದಲ ಪಂದ್ಯದಲ್ಲೇ ರೇಂಜರ್ಸ್ ವಿರುದ್ಧ 5-2 ಗೆಲುವು!

1892ರಲ್ಲಿ ಬ್ರದರ್‌ಗೆ ಲಂಡನ್ನಿಗೆ ವರ್ಗವಾಯಿತು. 1897ರಲ್ಲಿ ಕ್ಲಬ್ಬು ಕಂಪನಿಯಾಯಿತು. ಮಕ್ಕಳ ಊಟದ ಮಾತು ಹಿಂದೆ ಬಿತ್ತು. 1967ರಲ್ಲಿ ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ, ಯುರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡವೆನಿಸಿತು.

ಕಪ್ ದೊಡ್ಡದೇ. ಆದರೂ ನಮ್ಮ ಯುವಕೂಟ ಮುಂದಿನ ಪಂದ್ಯಾವಳಿ ನಡೆಸುವಾಗ ಕೇಳಿಕೊಳ್ಳೋಣ: ಈ ಆಟದಿಂದ ಯಾರ ತಟ್ಟೆಗೆ ಅನ್ನ ಬಿತ್ತು?