ಐಗಳ ಮಠದ ಪಾಠಕ್ರಮವೂ ಅದರ ದೇಶಾಂತರ ಯಾತ್ರೆಯೂ

ಎಳೆಯ ಮಕ್ಕಳಿಗೆ ಅಕ್ಷರವನ್ನು ತಿದ್ದಿಸುವ ಉಪಾಯಗಳನ್ನು ಗ್ರಂಥಗಳಲ್ಲಿ ಬರೆದಿಡುವ ವಾಡಿಕೆಯು ಹಿಂದಿನ ಐಗಳಲ್ಲಿ ಅಪರೂಪವಾಗಿದ್ದಿತು. ಅವರು ತಾವು ಬಾಲ್ಯದಲ್ಲಿ ಕುಳಿತ ಮಠದಲ್ಲಿ ಕಂಡುದನ್ನೇ ಆಚರಿಸಿ, ತಮ್ಮ ಶಿಷ್ಯರಿಗೆ ಒಪ್ಪಿಸಿ ಹೋದರು. ಆದಕಾರಣ ಕನ್ನಡನಾಡಿನ ಊರ ಮಠಗಳಲ್ಲಿ ಪಾಠವು ನಡೆಯುತ್ತಿದ್ದ ಬಗೆಯನ್ನು ತಿಳಿಯಬೇಕಾದರೆ, ಅದನ್ನು ಹೊಸದಾಗಿ ಕಂಡು ಬೆರಗಾದ ಪರದೇಶೀಯರ ಬರಹಗಳನ್ನು ಬಹುಮಟ್ಟಿಗೆ ಆಶ್ರಯಿಸಬೇಕಾಗುವುದು.

ಕ್ರಿ. ಶ. ೧೬೨೩ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿ ದೇಶದ ಪ್ರವಾಸಿಯು, ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಸರ ರಾಯಭಾರದೊಡನೆ ಗೇರುಸೊಪ್ಪೆಯ ಘಟ್ಟವನ್ನು ಹತ್ತಿದನು. ಸಾಮಾನುಗಳನ್ನು ಹೊರೆಕಟ್ಟುವಷ್ಟರಲ್ಲಿ ಅವನು ಅಲ್ಲಿಯ ಒಂದು ಗುಡಿಯ ಮೊಗಸಾಲೆಯಲ್ಲಿ ಕುಳಿತಿರಲು, ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ್ದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರು ಅದನ್ನೇ ಹಾಡಿ ಬರೆಯುವರು. ನೆಲವೆಲ್ಲ ಅಂಕಿಗಳಿಂದ ತುಂಬಲು ಅವನ್ನು ಅಳಿಸಿ, ಬೇಕಾದರೆ ಹೊಸ ಮರಳನ್ನು ಹರಡುವರು. ಹತ್ತಿರದಲ್ಲಿ ಗುರುವಿರಲಿಲ್ಲ. ಮರೆತರೆ ತಿದ್ದುವರಾರೆಂದು ಪ್ರವಾಸಿಯು ಕೇಳಲು, ನಾಲ್ವರೂ ಒಂದೇ ಭಾಗವನ್ನು ಒಮ್ಮೆಗೇ ಮರೆಯುವುದು ಅಸಾಧ್ಯವೆಂದೂ, ಒಬ್ಬನು ತಪ್ಪಿದುದನ್ನು ಮತ್ತೊಬ್ಬನು ತಿದ್ದುವನೆಂದೂ ಹುಡುಗರು ಉತ್ತರವಿತ್ತರು. ಕಾಗದವಿಲ್ಲದೆ ಲೇಖನಿಯಿಲ್ಲದೆ ನಡೆಯುವ ಈ ಕ್ರಮವನ್ನು ಪ್ರವಾಸಿಯು ಬಹಳವಾಗಿ ಮೆಚ್ಚಿಕೊಂಡನು.

ಇದಾದ ಮೇಲೆ ೧೭೮೯ರಲ್ಲಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, ಬ್ರಿಟಿಷ್ ಸಿಪಾಯಿಗಳ ಅನಾಥ ಗಂಡುಮಕ್ಕಳಿಗಾಗಿ ಮದರಾಸಿನಲ್ಲಿ ಸ್ಥಾಪಿತವಾದ ಆಶ್ರಮದ ಆಡಳಿತವನ್ನು ವಹಿಸಿಕೊಂಡನು. ಒಂದು ಮುಂಜಾನೆ ಕುದುರೆಯೇರಿ ಹೋಗುತ್ತಿರುವಾಗ, ಬಯಲಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ಬರೆಯುತ್ತಿದ್ದ ದೇಶೀಯ ಮಕ್ಕಳನ್ನು ಅವನು ಕಂಡನು. ಆಶ್ರಮಕ್ಕೆ ಮರಳಿ, ಕೆಳಗಿನ ತರಗತಿಗೆ ಅದೇ ರೀತಿಯಲ್ಲಿ ಪಾಠ ಹೇಳೆಂದು ಸಹಾಯಕ ಉಪಾಧ್ಯಾಯನಿಗೆ ಆಜ್ಞಾಪಿಸಿದನು. ಅದು ಆಗದ ಕೆಲಸವೆಂದು ಆತನು ಕೈಬಿಡಲು, ಬೆಲ್ಲನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನೇ ಆ ತರಗತಿಗೆ ನಿಯಮಿಸಿದನು. ದೊಡ್ಡವನಿಂದಾಗದುದು ಹುಡುಗನಿಂದಾಯಿತು. ಬೆಲ್ಲನು ೧೭೯೭ರಲ್ಲಿ ಈ ಪ್ರಯೋಗವನ್ನು ಕುರಿತು ಲಂಡನ್ ನಗರದಲ್ಲಿ ಒಂದು ಸಣ್ಣ ಪುಸ್ತಕವನ್ನು ಅಚ್ಚುಹಾಕಿಸಿದನು. ಮರುವರ್ಷ ಜೋಸೆಫ್ ಲಂಕಾಸ್ಟರ್ ಎಂಬ ತರುಣನು ಅದೇ ನಗರದಲ್ಲಿ ಬಡಮಕ್ಕಳಿಗಾಗಿ ಶಾಲೆಯನ್ನು ತೆರೆದು, ವಿದ್ಯಾರ್ಥಿಗಳಿಂದಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿಸತೊಡಗಿದನು. ಈ ಕ್ರಮವನ್ನು ಮೊದಲು ಕಂಡುಹಿಡಿದವರಾರೆಂಬ ವಿವಾದವು ಇವರಿಬ್ಬರ ಪಕ್ಷದವರಲ್ಲಿ ಬಹುಕಾಲ ನಡೆಯಿತು. ಮರಳಿನ ಬರವಣಿಗೆಯು ಹಿಂದೂದೇಶದ್ದೆಂದು ಬೆಲ್ಲನು ಮರೆಮಾಚದೆ ಒಪ್ಪಿಕೊಂಡನು. ಹುಡುಗರಿಂದ ಪಾಠ ಹೇಳಿಸುವುದು ಮಾತ್ರ ತನ್ನ ಸ್ವಂತದ್ದೆಂದು ಸಾಧಿಸಿದನು.

ಆ ವಾದದ ಬಲಾಬಲವನ್ನು ಅಳೆಯಲು ಬಳ್ಳಾರಿಯ ಒಂದು ಕಾಗದವು ಸಾಕು. ಮದರಾಸಿನ ಗವರ್ನರನಾದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕಳುಹಿಸುವಂತೆ ಕಲೆಕ್ಟರುಗಳಿಗೆ ಬರೆಯಿಸಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು ೧೮೨೩ರ ಆಗಸ್ಟಿನಲ್ಲಿ ಉತ್ತರವನ್ನು ಕಳುಹಿಸಿದನು. ಅನಂತಪುರದ ಸೀಮೆಯೂ ಸೇರಿದ್ದ ಅಂದಿನ ಆ ಜಿಲ್ಲೆಯಲ್ಲಿ ೯,೨೭,೮೫೭ ಜನಗಳಿಗೆ ೫೩೩ ಶಾಲೆಗಳಿದ್ದುವು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದು. ಓದುವವರು ೬,೬೪೧ ಮಂದಿ. ಅವರಲ್ಲಿ ಹೆಣ್ಣುಮಕ್ಕಳು ೬೦ ಮಾತ್ರ.

ಕ್ಯಾಂಬೆಲ್ಲನು ಲೆಕ್ಕವನ್ನು ಕೊಟ್ಟು ಸುಮ್ಮನಾಗದೆ ಮಠದ ಒಳಗನ್ನೂ ನೋಡಿದನು. ಬೆಳಗಿನ ಜಾವದಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಮಾನವೂ ಇಲ್ಲ, ಅವಮಾನವೂ ಇಲ್ಲವೆಂಬ ಗುರುತಾಗಿ ಸೊನ್ನೆ. ಮೂರನೆಯವನಿಗೆ ಮೆಲ್ಲನೆ ಒಂದೇಟು, ನಾಲ್ಕನೆಯವನಿಗೆ ಎರಡು. ತಡವಾದಂತೆಲ್ಲ ಏಟು ಏರುವುದು. ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದುವರು. ಬಳಿಕ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿದ ಹಲಗೆಯ ಮೇಲೋ, ಗಂಜಿ ಹಾಕಿ ಮಡಿಸಿ ಕರಿ ಹಚ್ಚಿದ ಬಟ್ಟೆಯ ಕಡತದ ಮೇಲೋ ಬಳಪದಿಂದ ಬರೆಯುವರು. ಒದ್ದೆಬಟ್ಟೆಯಿಂದ ಒರಸಿದರೆ ಮತ್ತೆ ಹೊಸದು. ಚಿಕ್ಕವರನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು; ಮೇಲಿನವರನ್ನು ಐಗಳು ತಾವೇ ವಿಚಾರಿಸುವರು. ಕಲಿಸುವವನ ಕಲಿಕೆಯೂ ಇದರಿಂದ ಗಟ್ಟಿಯಾಗುವುದೆಂದೂ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಯುಕ್ತವೇ ಎಂದೂ ಕ್ಯಾಂಬೆಲ್ಲನು ಬರೆದಿರುವನು.

ಹಾಗೆಂದು ಅವನು ಮಠದ ಕುಂದುಗಳನ್ನು ಮುಚ್ಚಲಿಲ್ಲ. ಮಕ್ಕಳು ನೂರಾರು ಪದ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸುವರಾದರೂ, ಆ ಪದ್ಯಗಳ ಭಾಷೆಯು ಆಡುಮಾತಿಗೆ ದೂರವಾದ ಹಳೆಯ ಭಾಷೆಯಾದುದರಿಂದ, ಓದು ಬಹುಮಟ್ಟಿಗೆ ಗಿಳಿಪಾಠವೇ ಆಗಿದ್ದಿತು. ಒಬ್ಬರಿಂದೊಬ್ಬರಿಗೆ ಅಕ್ಷರವನ್ನೂ ಅಂಕಿಯನ್ನೂ ದಾಟಿಸಬಹುದು. ಅರ್ಥವನ್ನು ದಾಟಿಸಬೇಕಾದರೆ ಅರ್ಥವನ್ನು ಬಲ್ಲ ಗುರುವೇ ಬೇಕು.

ಇಂಗ್ಲೆಂಡಿನಲ್ಲಿ ಈ ಕ್ರಮದ ಗತಿಯೇನಾಯಿತೆಂಬುದನ್ನೂ ನೋಡಬೇಕು. ಬಳ್ಳಾರಿಯ ಲೆಕ್ಕವನ್ನು ಭಾಗಿಸಿದರೆ ಒಂದು ಮಠಕ್ಕೆ ಹನ್ನೆರಡು ಹದಿಮೂರು ಮಕ್ಕಳಾಗುವರು. ಲಂಕಾಸ್ಟರನ ಶಾಲೆಯಲ್ಲಾದರೋ ಒಬ್ಬ ಉಪಾಧ್ಯಾಯನ ಕೆಳಗೆ ನೂರಾರು ಮಕ್ಕಳು. ಘಟ್ಟದ ಗುಡಿಯಲ್ಲಿ ಸಮಾನರಾದ ನಾಲ್ವರು ಪರಸ್ಪರ ತಿದ್ದಿಕೊಂಡರು. ಅಲ್ಲಿಯಾದರೋ ಒಬ್ಬ ಹುಡುಗನು ಹಲವರ ಮೇಲೆ ಅಧಿಕಾರಿಯಾದನು. ಗುರುವಿನ ದೃಷ್ಟಿಯು ತಲುಪದ ಕಡೆ ಉಪಾಯವು ಯಂತ್ರವಾಯಿತು. ೧೮೪೬ರಲ್ಲಿ ಅಲ್ಲಿಯ ಸರಕಾರವು ಬಲಿತ ವಿದ್ಯಾರ್ಥಿಗಳನ್ನು ಐದು ವರ್ಷ ತರಬೇತು ಮಾಡಿ ಉಪಾಧ್ಯಾಯರನ್ನಾಗಿಸುವ ಬೇರೊಂದು ಕ್ರಮವನ್ನು ಏರ್ಪಡಿಸಲು, ಹಳೆಯದು ಕ್ರಮೇಣ ಹಿಂದೆ ಬಿದ್ದಿತು.

ಇತ್ತ ಮೂಲಸ್ಥಾನದಲ್ಲಿ ಆದುದು ಇನ್ನೂ ಶೋಚನೀಯವು. ಜನರು ಬಡವರಾಗಿ, ಮಗುವಿನ ಕೈಗೆ ಬಳಪವನ್ನು ಕೊಡುವ ಬದಲು ಕೂಲಿಗೆ ಕಳುಹಿಸಬೇಕಾಗಿ ಬಂದುದರಿಂದ, ಹಿಂದೆ ಮಠಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಮಠಗಳಿಲ್ಲವೆಂದು ಕ್ಯಾಂಬೆಲ್ಲನು ತನ್ನ ಸರಕಾರಕ್ಕೇ ನಿರ್ದಾಕ್ಷಿಣ್ಯವಾಗಿ ತಿಳಿಸಿದನು. ಒಂದು ಕಾಸೂ ಬೇಡದ ಪಾಠಕ್ರಮವು ಕಡಲನ್ನು ದಾಟಿ ಕೀರ್ತಿಗೊಳ್ಳುತ್ತಿದ್ದ ಕಾಲದಲ್ಲಿಯೇ, ಅದನ್ನು ಹಡೆದ ಮಠಗಳು ಐಗಳ ಕಿರುಗಾಣಿಕೆಗೂ ಗತಿಯಿಲ್ಲದೆ ಬಾಗಿಲನ್ನು ಮುಚ್ಚುತ್ತಿದ್ದುವು. ಬೆಲ್ಲನ ಹೆಸರೂ ಲಂಕಾಸ್ಟರನ ಹೆಸರೂ ಚರಿತ್ರೆಯಲ್ಲಿ ಉಳಿದಿರುವುವು. ಘಟ್ಟದ ಗುಡಿಯ ಆ ನಾಲ್ವರು ಹುಡುಗರ ಹೆಸರನ್ನಾಗಲಿ, ಅವರಿಗೆ ಪಾಠವಿತ್ತು ಧೈರ್ಯವಾಗಿ ಎದ್ದುಹೋದ ಐಗಳ ಹೆಸರನ್ನಾಗಲಿ ಯಾರೂ ಬರೆದಿಡಲಿಲ್ಲ.