ಸಂಸ್ಥಾನದ ಸಾರ್ವಭೌಮತ್ವ ಮತ್ತು ಪ್ರಜೆಗಳ ರಕ್ಷಣೆ: 1948ರ ಹೈದರಾಬಾದ್ ಪ್ರಕರಣವನ್ನು ಕಲಬುರಗಿಯಿಂದ ನೋಡಿದಾಗ

ದಾಳಿಯ ಭೀತಿಯಲ್ಲಿರುವ ರಾಜ್ಯದ ನೆರವಿಗೆ ಹೊರಗಿನ ಸೇನೆ ಹೋಗಬೇಕೆ ಎಂಬ ಚರ್ಚೆ ಬಹುಮಟ್ಟಿಗೆ ಸಾರ್ವಭೌಮತ್ವದ ಸುತ್ತಲೇ ನಡೆಯುತ್ತದೆ. ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನ 1948ರಲ್ಲಿ ಈ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಯ್ದಿತ್ತು. ಇಂಥ ಪ್ರಕರಣಕ್ಕೆ ಪ್ರಜೆಗಳ ರಕ್ಷಣೆಯೇ ಒರೆಗಲ್ಲು, ಸೇನೆ ಗೆದ್ದ ನಂತರದ ದಿನಗಳಿಗೂ ಅದು ಅನ್ವಯಿಸಬೇಕು ಎಂಬುದು ಈ ಲೇಖನದ ವಾದ.

1947ರ ಆಗಸ್ಟ್ 15ರಂದು ಬ್ರಿಟಿಷರ ಪರಮಾಧಿಕಾರ ಕೊನೆಗೊಂಡಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಸ್ವತಂತ್ರವಾಗಿ ಉಳಿಯಬಯಸಿದರು. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದವು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕಗಳಲ್ಲಿ ಹಳೆಯ ವ್ಯವಸ್ಥೆಯನ್ನೇ ಒಂದು ವರ್ಷಕ್ಕೆ ಮುಂದುವರಿಸಿತು. 1948ರ ಆಗಸ್ಟ್ 21ರಂದು ಹೈದರಾಬಾದ್ ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ನೀಡಿತು. ಇದು ತನ್ನ ಆಂತರಿಕ ವಿಷಯವೆಂದು ಭಾರತ ವಾದಿಸಿತು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಗಡಿ ದಾಟಿತು. 16ರಂದು ಪ್ಯಾರಿಸ್‌ನಲ್ಲಿ ಸೇರಿದ ಮಂಡಳಿ 8 ಮತಗಳಿಂದ ವಿಷಯವನ್ನು ಕಾರ್ಯಸೂಚಿಗೆ ತೆಗೆದುಕೊಂಡಿತು. 3 ಸದಸ್ಯರು ತಟಸ್ಥರಾಗಿದ್ದರು. ಮರುದಿನ ನಿಜಾಮರು ಕದನವಿರಾಮ ಘೋಷಿಸಿದರು, 22ರಂದು ದೂರನ್ನೂ ಹಿಂತೆಗೆದುಕೊಂಡರು. ಪಾಕಿಸ್ತಾನವಾಗಲಿ ಬ್ರಿಟನ್ ಆಗಲಿ ಸೇನೆ ಕಳಿಸಲಿಲ್ಲ.

ಕಳಿಸಿದ್ದರೆ ಅದು ಯಾರನ್ನು ಕಾಯುತ್ತಿತ್ತು? ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಾಮಾನಂದ ತೀರ್ಥರು ಆಗ ಸೆರೆಯಲ್ಲಿದ್ದರು. ಖಾಸಿಂ ರಜ್ವಿಯ ಸಶಸ್ತ್ರ ಪಡೆಯಾದ ರಜಾಕಾರರಿಗೆ ನಿಜಾಮರ ಸರ್ಕಾರ ಕಡಿವಾಣ ಹಾಕಿರಲಿಲ್ಲ. 1948ರ ಮೇ ತಿಂಗಳಲ್ಲಿ ಗಾಣಗಾಪುರ ನಿಲ್ದಾಣದಲ್ಲಿ ರೈಲು ಪ್ರಯಾಣಿಕರ ಮೇಲೆ ದಾಳಿಯಾಯಿತು. ಬೀದರ್ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಮುಂಡರಗಿಯಂಥ ಗಡಿಶಿಬಿರಗಳಿಂದ ಕನ್ನಡಿಗರು ನಿಜಾಮರ ಆಡಳಿತದ ವಿರುದ್ಧ ಹೋರಾಡುತ್ತಿದ್ದರು. ತನ್ನ ಪ್ರಜೆಗಳಿಗೇ ಅಭಯ ನೀಡಲಾಗದ ಸರ್ಕಾರವು ಅವರ ಹೆಸರಿನಲ್ಲಿ ಹೊರಗಿನ ನೆರವು ಬೇಡುವ ಹಕ್ಕನ್ನು ಬಹುಪಾಲು ಕಳೆದುಕೊಂಡಿತ್ತು.

ಇದೇ ತರ್ಕ ಗೆದ್ದವರಿಗೂ ತಗಲುತ್ತದೆ. ಸೆಪ್ಟೆಂಬರ್ 18ರಂದು ಜನರಲ್ ಎಲ್ ಎದ್ರೂಸ್, ಮೇಜರ್ ಜನರಲ್ ಜೆ. ಎನ್. ಚೌಧರಿಯವರಿಗೆ ಶರಣಾದರೂ ಹಿಂಸೆ ನಿಲ್ಲಲಿಲ್ಲ. ಈ ಸಲ ಮುಸ್ಲಿಮರು ಬಲಿಯಾದರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡವು ಸಂಸ್ಥಾನದಾದ್ಯಂತ ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ ಕೈಹಾಕಿದ್ದನ್ನೂ, ಹಿಂದೂಗಳು ನೆರೆಯ ಮುಸ್ಲಿಮರನ್ನು ಕಾಪಾಡಿದ್ದನ್ನೂ ವರದಿ ದಾಖಲಿಸಿದೆ. ಅದು ದಶಕಗಳ ಕಾಲ ಪ್ರಕಟವಾಗಲಿಲ್ಲ.

ಹೀಗಾಗಿ, ಭಾರತದ ಸೇನಾ ಪ್ರವೇಶಕ್ಕೆ ಪ್ರಬಲ ಸಮರ್ಥನೆಯಿತ್ತು; ನಂತರದ ರಕ್ಷಣೆಯಲ್ಲಿ ಆಡಳಿತ ಸೋತಿತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಇತಿಹಾಸವಲ್ಲ. ಕಲ್ಯಾಣ ಕರ್ನಾಟಕ ಉತ್ಸವದ ದಿನವಾದ ಸೆಪ್ಟೆಂಬರ್ 17ರ ಆಚೀಚೆಗಿನ ತಿಂಗಳುಗಳ ನೆನಪುಗಳನ್ನು ಕಲಬುರಗಿಯ ಸ್ಟೇಶನ್ ಬಜಾರದಿಂದ ಕಮಲಾಪುರದವರೆಗೆ, ಎರಡೂ ಸಮುದಾಯಗಳ ಮನೆಗಳಲ್ಲಿ ಸಂಗ್ರಹಿಸುವ ಕೆಲಸವನ್ನು ಇಲ್ಲಿನ ವಿಶ್ವವಿದ್ಯಾಲಯಗಳು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.